ಯಾರ ಮುಂದ ಕೇಳಿದ್ರಿ?

2022ನೇ ಇಸವಿ. ಕುಂದಗೋಳದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಾನು ಲೇಡೀಸ್ ಬ್ಯೂಟಿ ಪಾರ್ಲರ್ ತೆರೆದು ಆಗ ಹನ್ನೊಂದು ವರ್ಷ. ಎರಡು ಕುರ್ಚಿ, ತಲೆ ತೊಳೆಯುವ ಒಂದು ಬೇಸಿನ್, ಬಾಗಿಲ ಪಕ್ಕ ಒಂದು ಬೆಂಚು. ಶಮೀಮಕ್ಕನ ಕೈ ಒಳ್ಳೆಯದು, ಬಾಯಿ ಕೆಟ್ಟದ್ದು ಎಂದು ಊರಲ್ಲಿ ಹೇಳುತ್ತಾರೆ. ಎರಡೂ ಖರೆ. ಈ ಸಂಗತಿ ನೆನೆದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಆ ಸಿಟ್ಟಿನ ದೊಡ್ಡ ಪಾಲು ನನ್ನ ಮೇಲೆಯೇ.

ನಮ್ಮ ಕಡೆ ಆಗ ಸ್ಮೂದನಿಂಗ್ ಹುಚ್ಚು ಜೋರಾಗಿತ್ತು. ಗುಂಗುರು ಕೂದಲಿಗೆ ಕೆಮಿಕಲ್ ಕ್ರೀಮ್ ಹಚ್ಚಿ, ಅರ್ಧ ತಾಸು ಬಿಟ್ಟು ತೊಳೆದು, ಒಣಗಿಸಿ, ಕಾದ ಐರನ್ನಿನಿಂದ ಎಳೆ ಎಳೆಯಾಗಿ ಒತ್ತಿದರೆ ಕೂದಲು ನೇರವಾಗುತ್ತದೆ. ಐರನ್ ಒತ್ತುವಾಗ ಏಳುವ ಹೊಗೆಗೆ ಕಣ್ಣು ಉರಿಯುತ್ತದೆ, ಗಂಟಲು ಹಿಡಿಯುತ್ತದೆ. ಹಾಗಾಗಿ ಹುಬ್ಬಳ್ಳಿಯ ತರಬೇತಿಯಲ್ಲಿ ನಾಲ್ಕು ಪ್ರಶ್ನೆ ಕಲಿಸಿದ್ದರು. ಮೊದಲು ಮೆಹಂದಿ ಅಥವಾ ಬಣ್ಣ ಹಚ್ಚಿದ್ದೀರಾ, ಅಲರ್ಜಿ ಇದೆಯಾ, ತಲೆಯಲ್ಲಿ ಗಾಯ ಇದೆಯಾ, ಬಸಿರಿದ್ದೀರಾ ಅಥವಾ ಮಗುವಿಗೆ ಹಾಲು ಕುಡಿಸುತ್ತೀರಾ. ನಾನು ಅವನ್ನು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕನ್ನಡಿಯ ಪಕ್ಕ ಅಂಟಿಸಿದ್ದೆ. ಕೇಳದೆ ಒಂದು ತಲೆಗೂ ಕೈ ಹಚ್ಚುವುದಿಲ್ಲ ಎಂದು ಬಂದವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದೆ.

ಅವತ್ತು ಮುಂಜಾನೆ ಕುಬಿಹಾಳದಿಂದ ಇಬ್ಬರು ಬಂದರು. ಸುಧಾ ಎಂಬ ಹುಡುಗಿಗೆ ಎಂಟು ದಿನದಲ್ಲಿ ನಿಶ್ಚಯ ಕಾರ್ಯವಿತ್ತು. ಜೊತೆಗೆ ಬಂದವಳು ಅವಳ ಅಣ್ಣನ ಹೆಂಡತಿ ಗಿರಿಜಾ, ಸೊಂಟ ಮುಟ್ಟುವ ಗುಂಗುರು ಕೂದಲಿನ, ಮಾತು ಕಡಿಮೆಯ ಹೆಣ್ಣುಮಗಳು. ಬೆಂಚಿನ ಮೇಲೆ ಆಗಲೇ ಮೂವರು ಕಾಯುತ್ತಿದ್ದರು. ಸುಧಾಳ ತಲೆಗೆ ಕ್ರೀಮ್ ಹಚ್ಚಿ ಮುಗಿಸಿ ಗಿರಿಜಾಳನ್ನು ಎರಡನೇ ಕುರ್ಚಿಗೆ ಕರೆದೆ.

"ನನಗ ಬ್ಯಾಡ್ರಿ ಅಕ್ಕಾರ. ಅಕಿಗಷ್ಟ ಮಾಡ್ರಿ," ಎಂದಳು.

ಸುಧಾ ಮೊಬೈಲಿನಿಂದ ತಲೆ ಎತ್ತಲೂ ಇಲ್ಲ. "ವೈನಿ, ಫೋಟೋದಾಗ ನಿನ್ನ ತಲಿ ಕಾಗಿ ಗೂಡು ಕಂಡಂಗ ಕಾಣ್ತೈತಿ. ಇಬ್ಬರೂ ಮಾಡಿಸ್ಕೊಂಡ ಬರ್ರಿ ಅಂತ ಅವ್ವ ಹೇಳ್ಯಾಳ. ಕುಂದ್ರು."

ಆಗ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಇಲ್ಲ. "ಏ ತಂಗಿ, ಇಲ್ಲೀತನ ಬಂದೀದಿ, ಈಗ ಯಾಕ ಹೊಯ್ದಾಡ್ತಿ? ಮಂದಿ ಕಾಯಾಕತ್ತಾರ," ಎಂದು ಗದರಿಸಿ ಕೂರಿಸಿದೆ. ಆಮೇಲೆ ನನ್ನ ನಾಲ್ಕು ಪ್ರಶ್ನೆ. ಮೂರಕ್ಕೆ ಅವಳು ತಲೆ ಅಲ್ಲಾಡಿಸಿದಳು. ನಾಲ್ಕನೆಯದನ್ನು ನಾನು ಸಂತೆಯಲ್ಲಿ ಬದನೆಕಾಯಿ ರೇಟು ಕೇಳಿದಷ್ಟೇ ಜೋರಾಗಿ ಕೇಳಿದೆ: "ಬಸರಿ ಗಿಸರಿ ಅದಿ ಏನವಾ?"

ಬೆಂಚಿನ ಮೇಲಿನವರು ನಕ್ಕರು. ಸುಧಾ, "ಇದ್ದರ ನಮಗ ಗೊತ್ತಾಗದ ಇರತೈತೇನ್ರಿ?" ಎಂದಳು. ಗಿರಿಜಾ ಕನ್ನಡಿಯಲ್ಲಿ ಒಮ್ಮೆ ನನ್ನ ಮುಖ ನೋಡಿದಳು. "ಇಲ್ರಿ," ಎಂದಳು. ಅವಳ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿಯೂ ಬ್ರಶ್ಶಿಗೆ ಕ್ರೀಮ್ ತಗೊಂಡೆ.

ಹಿಂದಲೆಯ ಅರ್ಧ ಭಾಗಕ್ಕೆ ಹಚ್ಚಿದ್ದೆ, ಅಷ್ಟರಲ್ಲಿ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹಿಂದಿನ ಬಚ್ಚಲಿಗೆ ಓಡಿದಳು. "ಪಿತ್ತ ಆಗಿರಬೇಕು," ಎಂದು ಸುಧಾ ಕೂತಲ್ಲಿಂದಲೇ ನಕ್ಕಳು. ತಲೆ ತುಂಬ ಕ್ರೀಮ್ ಇದ್ದ ಅವಳು ಏಳುವಂತಿರಲಿಲ್ಲ. ನಾನು ಚರಿಗೆಯಲ್ಲಿ ನೀರು ಹಿಡಿದು ಹಿಂದೆ ಹೋದೆ.

ಗಿರಿಜಾ ವಾಂತಿ ಮಾಡಿ, ಗೋಡೆ ಹಿಡಿದು ನಿಂತಿದ್ದಳು. ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. "ಲಗೂನ ತೊಳೀರಿ ಇದನ್ನ. ನನಗ ಎರಡು ತಿಂಗಳ್ರಿ."

ನನಗೆ ಸಿಟ್ಟು ಬಂತು. ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟೇ. "ಎಷ್ಟ ಸಲ ಕೇಳಬೇಕಿತ್ತಬೇ ನಿನಗ? ಕೇಳಿದ್ದಿಲ್ಲ ನಾನು?"

ಅವಳೇನೂ ದನಿ ಏರಿಸಲಿಲ್ಲ. "ಕೇಳಿದ್ರಿ, ಖರೆ. ಯಾರ ಮುಂದ ಕೇಳಿದ್ರಿ?"

ಅಲ್ಲೇ ಬಚ್ಚಲಲ್ಲಿ ಅವಳ ತಲೆ ಬಗ್ಗಿಸಿ ನೀರು ಸುರಿಯತೊಡಗಿದೆ.

ತಲೆ ತೊಳೆಯುತ್ತ ತೊಳೆಯುತ್ತ ಅವಳ ಬಾಯಿಂದ ಉಳಿದದ್ದು ಬಂತು. ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಹೊರಗೆ ಬಿಡಬಾರದು, ದೃಷ್ಟಿ ತಾಗುತ್ತದೆ ಎನ್ನುವುದು ನಮ್ಮ ಕಡೆಯ ಎಲ್ಲ ಮನೆಗಳ ಮಾತು, ನಮ್ಮವರಲ್ಲೂ ಇದೆ. ಹಿಂದಿನ ವರ್ಷ ಗಿರಿಜಾ ಖುಷಿಗೆ ಬೇಗ ಹೇಳಿದ್ದಳು. ಎರಡನೇ ತಿಂಗಳಲ್ಲೇ ಹೋಯಿತು. ಡಂಗುರ ಹೊಡೆದು ಕಳಕೊಂಡಿ ಎಂದು ಅತ್ತೆ ನೀಲವ್ವ ವರ್ಷವಿಡೀ ಚುಚ್ಚಿದ್ದಳು. ಈ ಸಲ ಗಂಡನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. "ಈಗ ಗೊತ್ತಾಗಿ, ಮತ್ತ ಏನರ ಆದರ, ನಾ ಆ ಮನ್ಯಾಗ ಬಾಳೇವು ಮಾಡಾಕ ಆಗಂಗಿಲ್ರಿ. ಯಾರಿಗೂ ಹೇಳಬ್ಯಾಡ್ರಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಕ್ರೀಮಿನಿಂದ ಏನಾದರೂ ಆಗಿಯೇ ಬಿಡುತ್ತಿತ್ತು ಎಂದು ನಾನು ಹೇಳಲಾರೆ, ನಾನು ಡಾಕ್ಟರಲ್ಲ. ಬಸುರಿಗೆ ಮಾಡಬಾರದು ಎನ್ನುವುದು ನಮ್ಮ ಕಸುಬಿನ ನಿಯಮ. ಹೊಗೆಗೆ ಬರಬೇಡ ಎಂದು ಅವಳನ್ನು ಹೊರಗೆ ಕಟ್ಟೆಯ ಮೇಲೆ ಗಾಳಿಗೆ ಕೂರಿಸಿದೆ. ಸುಧಾಳಿಗೆ, "ನಿಮ್ಮ ವೈನಿ ಚರ್ಮಕ್ಕ ಈ ಕ್ರೀಮ್ ಆಗಿಬರಂಗಿಲ್ಲ," ಎಂದೆ.

ತೊಳೆದರೂ ಕ್ರೀಮ್ ತನ್ನ ಕೆಲಸ ಅರ್ಧ ಮಾಡಿತ್ತು. ಗಿರಿಜಾಳ ಹಿಂದಲೆಯ ಕೂದಲು ಜೋತುಬಿದ್ದಿತ್ತು, ಮುಂದಲೆಯದು ಗುಂಗುರಾಗಿಯೇ ಇತ್ತು. ಮರುದಿನ ನೀಲವ್ವ ಬಂದು ಪಾರ್ಲರಿನ ಬಾಗಿಲಲ್ಲೇ ನಿಂತಳು.

"ಏನವಾ ಶಮೀಮಾ, ಕಸಬು ಬರಂಗಿಲ್ಲಂದ್ರ ಬೋರ್ಡ್ ಯಾಕ ಹಚ್ಚಿದಿ? ನನ್ನ ಸೊಸಿ ತಲಿ ಹಾಳ ಮಾಡಿ ಕಳಿಸೀದಿ. ಬೀಗರ ಮುಂದ ಅಕಿನ್ನ ಹೆಂಗ ನಿಂದ್ರಸಲಿ?"

ಓಣಿಯೆಲ್ಲ ಕೇಳುತ್ತಿತ್ತು. ಬಾಯಿಗೆ ಬಂದ ಮಾತು ಒಂದೆರಡಲ್ಲ. ಬ್ಯಾಡ ಅಂದಾಕಿನ್ನ ಬಲವಂತ ಮಾಡಿ ಕಳಿಸಿದಾಕಿ ನೀನ, ಮನಿ ಸೊಸಿ ನಿನ್ನ ಮುಂದ ಬಾಯಿ ಬಿಡಾಕ ಅಂಜತಾಳ, ಮೊದಲ ಅದನ್ನ ನೋಡು ಹೋಗು ಎನ್ನಬೇಕಿತ್ತು. ಹಲ್ಲು ಕಚ್ಚಿಕೊಂಡು, "ತಪ್ಪಾತ್ರಿ ನೀಲಕ್ಕಾರ," ಎಂದೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬಾಯಿ ಕೆಟ್ಟ ಶಮೀಮಾ ಸುಮ್ಮನಿದ್ದಾಳೆಂದರೆ ತಪ್ಪು ಅವಳದೇ ಎಂದು ಊರು ತಿಳಿಯಿತು. ಕುಬಿಹಾಳದಿಂದ ಬರುವವರು ನಿಂತೇಬಿಟ್ಟರು. ಸಿಟ್ಟಿಗೆ ರಾತ್ರಿ ಪಾತ್ರೆ ಕುಕ್ಕುತ್ತಿದ್ದೆ. ಮಾತು ಮಾತ್ರ ಹೊರಗೆ ಬಿಡಲಿಲ್ಲ.

ಆ ದಿನಗಳಲ್ಲಿ ಕನ್ನಡಿ ಪಕ್ಕದ ರಟ್ಟನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು. ನಾದಿನಿ ಎದುರಿಗೆ, ಮೂವರು ಅಪರಿಚಿತರ ಎದುರಿಗೆ, ಒಬ್ಬ ಸೊಸೆಯನ್ನು ಬಸಿರಿದ್ದೀಯಾ ಎಂದು ಕೂಗಿ ಕೇಳಿದರೆ ಅವಳು ಯಾವ ಉತ್ತರ ಕೊಡಬೇಕು? ಬೇಡ ಎಂದು ಅವಳು ಮೊದಲೇ ಹೇಳಿದ್ದಳಲ್ಲ? ಅವಳು ಹೇಳಬಹುದಾಗಿದ್ದ ಮಾತು ಅದೊಂದೇ. ಅದನ್ನೂ ನಾನು ಗದರಿಸಿ ಮುಚ್ಚಿಸಿದ್ದೆ. ರಟ್ಟು ಕಿತ್ತು ಬಚ್ಚಲ ಒಲೆಗೆ ಹಾಕಿದೆ. ಬೇಸಿನ್ ಮುಂದೆ ಒಂದು ಪರದೆ ಕಟ್ಟಿದೆ. ಅಂದಿನಿಂದ ಯಾರೇ ಬರಲಿ, ಯಾರ ಜೊತೆಗೇ ಬರಲಿ, ಮೊದಲು ಪರದೆಯ ಹಿಂದೆ ನಾನು ಮತ್ತು ಅವರು ಇಬ್ಬರೇ. ನಮ್ಮೆದುರಿಗೆ ಹೇಳದ ಮಾತು ಏನೈತಿ ಎಂದು ಜಗಳ ತೆಗೆದವರಿದ್ದಾರೆ. ಅಂಥವರಿಗೆ ಬಾಗಿಲು ತೋರಿಸಿದ್ದೇನೆ.

ನಾಲ್ಕೈದು ತಿಂಗಳ ಮೇಲೆ ಒಂದು ದಿನ ನೀಲವ್ವ ಮತ್ತೆ ಬಂದಳು, ಹಿಂದೆ ಗಿರಿಜಾ. ಹೊಟ್ಟೆ ಎದ್ದು ಕಾಣುತ್ತಿತ್ತು. ಅದನ್ನು ನೋಡಿ ನನ್ನ ಕಣ್ಣು ತುಂಬಿದವು, ಅದೇನು ಮುಚ್ಚಿಡುವ ಮಾತಲ್ಲ. ಏಳನೇ ತಿಂಗಳ ಕುಬಸ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವ ಕಾರ್ಯ, ಅವತ್ತೇ ಇತ್ತು.

ನೀಲವ್ವ ಬೆಂಚಿನ ತುದಿಯಲ್ಲಿ ಕೂತಳು. "ಮೊನ್ನೆ ಎಲ್ಲಾ ಹೇಳಿದಳು ಇಕಿ. ಅವತ್ತ ನಾ ಅಷ್ಟ ಬೈದೆ, ನೀ ಯಾಕ ಒಂದು ಮಾತ ಅನ್ನಲಿಲ್ಲ?"

"ಅದು ಅಕಿ ಮಾತ್ರಿ. ನಂದಲ್ಲ."

ಅವಳು ಕೈಚೀಲದಿಂದ ಮಲ್ಲಿಗೆ ಮೊಗ್ಗಿನ ದೊಡ್ಡ ಪೊಟ್ಟಣ ತೆಗೆದಳು. "ಆತು ಬಿಡು. ಈಗ ಇಕಿಗೆ ಮೊಗ್ಗಿನ ಜಡಿ ಹಾಕು, ಉದ್ದಕ, ಸೊಂಟದ ಮಟ. ಮಂದಿ ನೋಡಬೇಕು."

"ನೀವು ಒಂದೀಟು ಹೊರಗ ಕುಂದರ್ರಿ, ನೀಲಕ್ಕಾರ."

"ಯಾಕ? ಹೇಳೀನಲ್ಲ ಏನ ಮಾಡಬೇಕಂತ?"

"ನೀವು ಹೇಳೀರಿ. ಅಕಿನ್ನ ಇನ್ನೂ ಕೇಳಿಲ್ಲ."

ಅವಳ ಮುಖ ಕೆಂಪಾಯಿತು. ನಾನೂ ಅಲ್ಲಾಡಲಿಲ್ಲ. ಕಡೆಗೆ ಗೊಣಗುತ್ತ ಎದ್ದು ಹೋಗಿ ಕಟ್ಟೆಯ ಮೇಲೆ ಕೂತಳು. ನಾನು ಪರದೆ ಎಳೆದು, ಸಣ್ಣ ದನಿಯಲ್ಲಿ ಗಿರಿಜಾಳನ್ನು ಕೇಳಿದೆ.

"ಮೊಗ್ಗಿನ ಜಡಿ ಬ್ಯಾಡ್ರಿ ಅಕ್ಕಾರ," ಎಂದಳು. "ತಲಿ ಭಾಳ ಒಜ್ಜಿ ಆಗತೈತಿ, ಬೆನ್ನು ನೋಯ್ತೈತಿ. ಸಾದಾ ಹೆರಳು ಹಾಕಿ ಒಂದು ಮಾಲಿ ಇಡ್ರಿ, ಸಾಕು."

ಸಾದಾ ಹೆರಳು ಹಾಕಿ ಒಂದು ಮಾಲೆ ಇಟ್ಟೆ.