ಹುಲ್ಲಿನ ಬೇರು ಬೆನ್ನತ್ತಿದ ನಾಗರತ್ನಾ

ಸೂರ್ಯ ಇನ್ನೂ ಮೂಡಿಲ್ಲ. ಧಾರವಾಡದಿಂದ ಮೊದಲ ಬಸ್ಸಿಗೆ ಬಂದಿಳಿದ ನಾಗರತ್ನಾ ಬೋಳಗುಡ್ಡದ ಇಳಿಜಾರಿನಲ್ಲಿ ಮಂಡಿಯೂರಿ ಕೂತು, ಕಬ್ಬಿಣದ ಕೊಳವೆಯೊಂದನ್ನು ನೆಲಕ್ಕೆ ಬಡಿಯುತ್ತಿದ್ದಾರೆ. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಾರೆ, ಕಾಲಲ್ಲಿ ಗಂಡಸರ ಬೂಟು. ಸುತ್ತಲೂ ಮೊಣಕಾಲೆತ್ತರದ ಹುಲ್ಲು ಇಬ್ಬನಿಯ ಭಾರಕ್ಕೆ ಬಾಗಿದೆ. ಸುತ್ತಿಗೆಯ ಸದ್ದಿಗೆ ಲಾವಕ್ಕಿಯೊಂದು ಬುರ್ರನೆ ಎದ್ದು ಹಾರಿದರೂ ಅವರು ತಲೆ ಎತ್ತುವುದಿಲ್ಲ. ಕೊಳವೆಯನ್ನು ಮೆಲ್ಲಗೆ ತಿರುಗಿಸಿ ಹೊರಗೆಳೆದು, ಒಳಗಿನ ಮಣ್ಣನ್ನು ಕಾಗದದ ಚೀಲಕ್ಕೆ ಸುರಿದು, ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕುತ್ತಾರೆ. ಆಮೇಲಷ್ಟೇ ನನ್ನತ್ತ ತಿರುಗಿ ನಗುತ್ತಾರೆ.

"ಬರ್ರಿ. ಹುಲ್ಲು ಹಸಿ ಐತಿ, ಆ ಕಲ್ಲಿನ ಮ್ಯಾಲ ಕುಂದರ್ರಿ."

ಅವಳಿ ನಗರದಲ್ಲಿ ಈ ಹೆಸರು ಬಲ್ಲವರು ಕಡಿಮೆ. ಮಾಳಮಡ್ಡಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇರುವ ನಾಗರತ್ನಾ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ. ನೌಕರಿ ಇಂದಿಗೂ ತಾತ್ಕಾಲಿಕ. ಆದರೆ ೧೯೯೬ರಿಂದ ಇಂದಿನವರೆಗೆ, ಹನ್ನೆರಡು ವರ್ಷ, ವಾರದ ರಜೆಯನ್ನು ಅವರು ಕಳೆದಿರುವುದು ಈ ಗುಡ್ಡದ ಮೇಲೆ. ಇಲ್ಲಿ ಎಷ್ಟು ಬಗೆಯ ಹುಲ್ಲು, ಹಕ್ಕಿ, ಹುಳ ಇವೆ, ಈ ಮಣ್ಣು ಎಷ್ಟು ಇಂಗಾಲ ಹಿಡಿದಿಟ್ಟಿದೆ ಎಂಬುದೇ ಅವರ ಹುಡುಕಾಟ.

ಗಿಡಮರಗಳು ಗಾಳಿಯಲ್ಲಿನ ಇಂಗಾಲವನ್ನು ಹೀರುತ್ತವೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮರ ಅದನ್ನು ಕಾಂಡದಲ್ಲಿ, ಕೊಂಬೆಯಲ್ಲಿ ಕೂಡಿಡುತ್ತದೆ, ಹಾಗಾಗಿ ಕಣ್ಣಿಗೆ ಕಾಣುತ್ತದೆ. ಹುಲ್ಲು ಬಹುಪಾಲನ್ನು ನೆಲದೊಳಗೆ ಇಡುತ್ತದೆ. ಬೇರು ಸತ್ತು, ಕೊಳೆತು, ಮಣ್ಣಿನೊಂದಿಗೆ ಬೆರೆಯುತ್ತದೆ. ನೆಲ ಕೆದಕದಿದ್ದರೆ ಆ ಇಂಗಾಲ ಬಹುಕಾಲ ಅಲ್ಲಿಯೇ ಉಳಿಯುತ್ತದೆ.

"ಭೂಮಿ ಕಾಯಾಕತ್ತೈತಿ, ಗಿಡಾ ಹಚ್ರಿ ಅಂತ ಎಲ್ಲಾರೂ ಅಂತಾರ. ಹಚ್ಚಬೇಕು, ಖರೇ. ಆದ್ರ ಹುಲ್ಲು ಇದ್ದಲ್ಲೆ ಹುಲ್ಲು ಇರಲಿ ಅನ್ನಾವ್ರು ಯಾರೂ ಇಲ್ರಿ" ಎನ್ನುತ್ತಾರೆ.

ತಂದೆ ಶಾಂತಯ್ಯ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದರು. ಮಗಳು ಪಿಎಚ್.ಡಿ.ಗೆ ಹುಲ್ಲನ್ನು ಆರಿಸಿಕೊಂಡಾಗ, "ಹುಲ್ಲ ಎಣಸಾಕ ಇಷ್ಟ ಸಾಲಿ ಕಲೀಬೇಕಿತ್ತೇನವಾ?" ಎಂದು ಕೇಳಿದ್ದರಂತೆ. ಹಾಗೆ ಕೇಳಿದವರೇ ಮಣ್ಣು ತುಂಬಲೆಂದು ಅಂಗಡಿಯಿಂದ ಒಗೆದು ಒಣಗಿಸಿದ ಗೋಣಿಚೀಲಗಳನ್ನು ಕಳಿಸಿಕೊಟ್ಟರು. ಆರಂಭದಲ್ಲಿ ಸಿಕ್ಕ ಸಣ್ಣ ಅನುದಾನ ಮೂರೇ ವರ್ಷಕ್ಕೆ ನಿಂತಿತು. ಇವರು ನಿಲ್ಲಲಿಲ್ಲ.

ಗುಡ್ಡದಲ್ಲಿ ಮೊದಲ ವರ್ಷಗಳು ಸುಲಭವಾಗಿರಲಿಲ್ಲ. ಬೋಳಗುಡ್ಡ ಕೆಳಗಿನ ಊರಿನ ಗಾಯರಾಣ, ಅಂದರೆ ದನಕುರಿ ಮೇಯುವ ಸಾರ್ವಜನಿಕ ಭೂಮಿ. ಅಲ್ಲಲ್ಲಿ ತಂತಿ ಬೇಲಿ ಹಾಕಿ, ಬೇಲಿಯ ಒಳಗಿನ ಹುಲ್ಲನ್ನೂ ಕುರಿ ಮೇಯುವ ಹೊರಗಿನ ಹುಲ್ಲನ್ನೂ ಹೋಲಿಸತೊಡಗಿದ ಈ ಹೆಣ್ಣುಮಗಳನ್ನು ಕಂಡು ಕುರಿಗಾರರಿಗೆ ದಿಗಿಲಾಯಿತು. ಬೀರಲಿಂಗ ಆಗಲೇ ಅರವತ್ತರ ಹತ್ತಿರದ ಕುರಿಗಾರ. ಅವರು ಅದನ್ನು ಮುಚ್ಚಿಡುವುದಿಲ್ಲ: "ಇವತ್ತ ಇಷ್ಟ ಬೇಲಿ, ನಾಳೆ ಗುಡ್ಡಕ್ಕೆಲ್ಲಾ ಬೇಲಿ ಅಂತ ತಿಳಿದಿದ್ವಿ. ವರ್ಷಗಟ್ಟಲೆ ಮಾತಾಡಸಲಿಲ್ರಿ ನಾವು."

ಮಾತು ಹುಟ್ಟಿದ್ದು ಹೋಲಿಕೆಯ ಫಲಿತಾಂಶ ಬಂದಮೇಲೆ. ಹದವಾಗಿ ಕುರಿ ಮೇದ ಕಡೆ ಹುಲ್ಲಿನ ಬಗೆ ಕಡಿಮೆಯಾಗಿರಲಿಲ್ಲ, ಮಣ್ಣಿನ ಇಂಗಾಲವೂ ಇಳಿದಿರಲಿಲ್ಲ. ಹುಲ್ಲುಗಾವಲು ಹಾಳಾದದ್ದು ಕುರಿಗಳಿಂದ ಎಂದು ಊರ ಸಭೆಯಲ್ಲಿ ಯಾರೋ ದೂರಿದಾಗ ನಾಗರತ್ನಾ ಎದ್ದು ನಿಂತು ಅದನ್ನು ಹೇಳಿದರು. ಮರುವಾರ ಬೀರಲಿಂಗರ ಹೆಂಡತಿ ಫಕೀರವ್ವ ಬೇಲಿಯ ಬಳಿ ಬಂದು ರೊಟ್ಟಿ ಬುತ್ತಿ ಇಟ್ಟು ಹೋದರು.

೨೦೦೧ರ ಬೇಸಿಗೆಯ ಒಂದು ಮಧ್ಯಾಹ್ನ ರಸ್ತೆಯ ಕಡೆಯಿಂದ ಬೆಂಕಿ ಬಂತು. ಒಣಹುಲ್ಲು, ಮೇಲೆ ಗಾಳಿ. ಆ ಹೊತ್ತು ನಾಗರತ್ನಾ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸದಲ್ಲಿದ್ದರು. ಸುದ್ದಿ ತಿಳಿದು ಸಂಜೆ ಓಡಿಬಂದಾಗ ಗುಡ್ಡದ ಒಂದು ಮಗ್ಗುಲು ಕರ್ರಗಾಗಿತ್ತು. ಐದು ವರ್ಷದ ಕೆಲಸ ಹೋಯಿತೆಂದು ಏದುಸಿರು ಬಿಡುತ್ತ ಏರಿದರೆ ಬೇಲಿಗಳ ಒಳಗೆ ಹುಲ್ಲು ಹಾಗೇ ನಿಂತಿದೆ! ಕುರಿಗಾರರು ಹಸಿಟೊಂಗೆಗಳಿಂದ, ನೀರಲ್ಲಿ ಅದ್ದಿದ ಕಂಬಳಿಗಳಿಂದ ಬಡಿದು ಬೆಂಕಿಯನ್ನು ಅಷ್ಟಕ್ಕೇ ತಡೆದಿದ್ದರು. ಫಕೀರವ್ವನ ಅಂಗೈ ಸುಟ್ಟಿತ್ತು.

ಯಾಕೆ ಅಷ್ಟು ಮಾಡಿದಿರಿ ಎಂದು ನಾನು ಫಕೀರವ್ವನನ್ನು ಕೇಳಿದೆ. "ಅಕ್ಕಾರ ನಮ್ಮ ಕುರೀ ಪರವಾಗಿ ಮಾತಾಡಿದ್ರು. ಅವರ ಹುಲ್ಲ ಸುಡೂದ ನೋಡ್ಕೋತ ನಿಂದ್ರಬೇಕಿತ್ತೇನ್ರಿ?" ಎಂದು ನನ್ನನ್ನೇ ತಿರುಗಿ ಕೇಳಿದರು.

೨೦೦೪ರಲ್ಲಿ ಬೆಂಕಿಗಿಂತ ದೊಡ್ಡ ಆಪತ್ತು ಬಂತು. ಬೋಳಗುಡ್ಡ ಪಾಳುಭೂಮಿ, ಅಲ್ಲಿ ಅಕೇಶಿಯಾ ನೆಡಬೇಕು ಎಂಬ ಯೋಜನೆ ಮಂಜೂರಾಗಿ ಗುಂಡಿ ತೋಡುವ ಯಂತ್ರವೇ ಬಂದು ನಿಂತಿತು. ನಾಗರತ್ನಾ ಮೊದಲೇ ಕಚೇರಿಗಳಿಗೆ ಅಲೆದಿದ್ದರು, ತಮ್ಮ ಲೆಕ್ಕ ತೋರಿಸಿದ್ದರು. ಎಲ್ಲರೂ ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ಉತ್ತರ ಕೊಡಲಿಲ್ಲ. ಬೀರಲಿಂಗ ಹೇಳಿಕಳಿಸಿದ ದಿನ ಅವರು ಬರುವಷ್ಟರಲ್ಲಿ ಪಡುವಣ ಮಗ್ಗುಲಲ್ಲಿ ಸಾಲುಸಾಲು ಗುಂಡಿ ಬಿದ್ದಿದ್ದವು. ಕುರಿಗಾರರು ಯಂತ್ರದ ಮುಂದೆ ಕುರಿಗಳನ್ನು ತರುಬಿ ನಿಂತಿದ್ದರು. ಮೇಲ್ವಿಚಾರಣೆಗೆ ಬಂದಿದ್ದ ತ್ರ್ಯಂಬಕ ಎಂಬ ಯುವ ಅರಣ್ಯಾಧಿಕಾರಿಗೆ ಸಿಟ್ಟು ನೆತ್ತಿಗೇರಿತ್ತು.

ನಾಗರತ್ನಾ ಜಗಳಕ್ಕೆ ಇಳಿಯಲಿಲ್ಲ. ಯಂತ್ರದ ಚಾಲಕ ಕಮರುದ್ದೀನರ ಬಳಿ ಹೋಗಿ, ತೋಡಿದ ಗುಂಡಿಯ ಒಂದು ಅಂಚನ್ನು ಎದೆಯಾಳಕ್ಕೆ ನೆಟ್ಟಗೆ ಕೊರೆದು ಕೊಡಲು ಕೇಳಿದರು. ಆಮೇಲೆ ಅಧಿಕಾರಿಯನ್ನು ಗುಂಡಿಯೊಳಗೆ ಇಳಿಸಿಕೊಂಡರು.

"ಸಾಹೇಬ್ರ, ಈ ಬೇರ ನೋಡ್ರಿ. ಮ್ಯಾಲಿನ ಹುಲ್ಲು ಮೊಣಕಾಲಿನಷ್ಟ, ಬೇರ ನಿಮ್ಮ ಎದಿಮಟ. ಇದು ಪಾಳು ಹೆಂಗಾಕ್ಕತ್ರಿ?"

ತ್ರ್ಯಂಬಕ ಬಹಳ ಹೊತ್ತು ಗುಂಡಿಯ ಆ ಮಣ್ಣುಗೋಡೆಯನ್ನು ಮುಟ್ಟಿ ನೋಡಿದರಂತೆ. "ಮೇಡಮ್ಮರ, ನಾ ಗಿಡಾ ಹಚ್ಚಿದ್ದ ತೋರಸಬೇಕಲ್ರಿ" ಎಂದರು. ಆದರೂ ಅಂದಿನ ಕೆಲಸ ನಿಲ್ಲಿಸಿದರು. ಮೇಲಿನವರಿಗೆ ಬರೆದರು, ಅವರನ್ನು ಕರೆತಂದು ಅದೇ ಗುಂಡಿ ತೋರಿಸಿದರು. ಕೊನೆಗೆ ಮೂಡಣ ಮಗ್ಗುಲನ್ನು ಯೋಜನೆಯಿಂದ ಬಿಟ್ಟರು. ಪಡುವಣದಲ್ಲಿ ಅಕೇಶಿಯಾ ಬೆಳೆಯಿತು.

ಅರ್ಧ ಸೋತಿರಲ್ಲ ಎಂದರೆ ಅವರು ಬೇಸರಿಸುವುದಿಲ್ಲ. ಈಗ ಅತ್ತಲಿನ ಮಣ್ಣನ್ನೂ ತೆಗೆದು ಪರೀಕ್ಷಿಸುತ್ತಾರೆ. ಗುಂಡಿ ತೋಡಿದಲ್ಲಿ ಮೇಲ್ಮಣ್ಣಿನ ಇಂಗಾಲ ಇಳಿದಿದೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಇತ್ತ ಸರಿದಿವೆ. "ಹೋದದ್ದನ್ನೂ ಅಳೀಬೇಕ್ರಿ. ಗಿಡಾ ಬೆಳೆದಂಗ ಆ ಮಣ್ಣು ಮುಂದ ಹೆಂಗ ಆಕ್ಕತಿ, ನನಗೂ ಗೊತ್ತಿಲ್ಲ. ನೋಡೂಣು" ಎನ್ನುತ್ತಾರೆ.

ಕಳೆದ ವರ್ಷ ಅವರ ಪ್ರಬಂಧ ವಿದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಕೃತಜ್ಞತೆಯ ಸಾಲಿನಲ್ಲಿ ಮೊದಲ ಹೆಸರು ಫಕೀರವ್ವನದು, ಎರಡನೆಯದು ಬೀರಲಿಂಗರದು. ಈ ಇಬ್ಬರು ಯಾವ ಸಂಸ್ಥೆಯವರು ಎಂದು ಸಂಪಾದಕರು ಕೇಳಿದ್ದರಂತೆ. ನಾಗರತ್ನಾ "ಬೋಳಗುಡ್ಡ, ಧಾರವಾಡ ಜಿಲ್ಲೆ" ಎಂದು ಬರೆದು ಕಳಿಸಿದರು. ಹಾಗೆಯೇ ಅಚ್ಚಾಗಿದೆ.

ಬಿಸಿಲೇರಿದೆ. ಕೆಳಗಿನಿಂದ ಬೀರಲಿಂಗರ ಕುರಿಗಳು ಹುಲ್ಲಿನೊಳಗೆ ಹರಡಿಕೊಂಡು ಏರುತ್ತಿವೆ. ಈ ಗುಡ್ಡ ಉಳಿಸಿದ್ದಕ್ಕೆ ನಿಮಗೊಂದು ಸನ್ಮಾನವಾದರೂ ಆಗಬೇಕಿತ್ತು ಎನ್ನುತ್ತೇನೆ. ಅವರು ಕೈಯ ಮಣ್ಣು ಕೊಡವಿಕೊಳ್ಳುತ್ತಾರೆ.

"ನಾ ಒಬ್ಬಾಕಿ ಉಳಿಸಿದ್ದಲ್ರಿ. ಬೀರಲಿಂಗ ಕಾಕಾ ನಿಂತ್ರು, ಫಕೀರವ್ವ ಕೈ ಸುಟ್ಕೊಂಡ್ಲು, ಆ ಸಾಹೇಬ್ರು ಮನಸ್ಸ ಮಾಡಿದ್ರು." ಕೊಳವೆಯನ್ನು ಎತ್ತಿಕೊಳ್ಳುತ್ತ, ಮೆಲ್ಲಗೆ ಸೇರಿಸುತ್ತಾರೆ: "ಆದ್ರ ಆವತ್ತ ಆ ಗುಂಡಿಯಾಗ ನಾನೂ ಇದ್ದೆ."