ನಾಲಿಗೆಯ ಕೆಳಗಿನ ಒಂದು ನಿಮಿಷ

ನಮ್ಮ ಅತ್ತೆ ಬಾಯಿ ಮುಚ್ಚಿಕೊಂಡು ಕೂರುವುದು ದಿನಕ್ಕೆ ಎರಡೇ ನಿಮಿಷ, ಬೆಳಿಗ್ಗೆ ಒಂದು, ಸಂಜೆ ಒಂದು. ಕೈನೋವಿಗೆಂದು ಕೊಟ್ಟ ಸಿಬಿಡಿ ಎಣ್ಣೆಯ ಹನಿಗಳನ್ನು ನಾಲಿಗೆಯ ಕೆಳಗೆ ಹಾಕಿಕೊಂಡಾಗ.

ಬೆಟಗೇರಿಯ ಮನೆಯಲ್ಲಿ ಐವತ್ತು ವರ್ಷ ಮಗ್ಗ ನಡೆಸಿದ ಕೈ ಅವರದು. ಬೆರಳ ಗಂಟುಗಳು ಬಾತ ಮೇಲೆ ಮಗ್ಗದ ಲಾಳಿ ಹಿಡಿಯುವುದು ಹಾಗಿರಲಿ, ರೊಟ್ಟಿ ಮುರಿಯಲೂ ಒದ್ದಾಡುತ್ತಿದ್ದರು. ಗದಗದ ವೈದ್ಯರು ಈ ಹನಿ ಬರೆದುಕೊಟ್ಟಾಗ, ಅದು ಭಂಗಿ ಗಿಡದ್ದೆಂದು ತಿಳಿದು ಅತ್ತೆ ಅವರನ್ನೇ ದಬಾಯಿಸಿದರು.

"ಈ ವಯಸ್ಸಿನ್ಯಾಗ ನನಗ ನಶಾ ಮಾಡಸ್ತೀರೇನ್ರಿ?"

"ನಶಾ ಏರಂಗಿಲ್ರಿ ಅಮ್ಮಾರ. ಆದ್ರ ಎಲ್ಲಾರಿಗೂ ಗುಣ ಆಗತೈತಿ ಅಂತ ಹೇಳಾಕ ಬರಂಗಿಲ್ಲ. ನಿದ್ದಿ ಬರಬಹುದು, ಬಾಯಿ ಒಣಗಬಹುದು. ಬಿಪಿ ಗುಳಿಗಿ ನಡದಾವಲ್ಲ, ಆಗಾಗ ಬಂದು ತೋರಿಸ್ಕೊಂಡು ಹೋಗ್ರಿ."

ಎಲ್ಲವೂ ಆಯಿತು. ಕಹಿಗೆ ಮುಖ ಕಿವುಚುತ್ತಿದ್ದರು, ಮಧ್ಯಾಹ್ನ ಕೂತಲ್ಲೇ ತೂಕಡಿಸುತ್ತಿದ್ದರು. ನೋವು ಮಾತ್ರ ಪೂರ್ತಿ ಹೋಗದಿದ್ದರೂ ಮೆತ್ತಗಾಯಿತು. ಒಂದು ದಿನ ಮಗ್ಗದ ಧೂಳು ಒರೆಸುತ್ತ, "ಮದವ್ಯಾಗ ನಿನಗೊಂದು ಸೀರಿ ನೇದು ಕೊಡ್ತೀನಿ ಅಂದಿದ್ನಲ್ಲ, ಈಗ ಕೊಡ್ತೀನಿ" ಅಂದರು.

ನನ್ನ ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವರು ನೇಯ್ದ ಸೀರೆಗಳೆಲ್ಲ ಅಂಗಡಿಗೇ ಹೋಗಿದ್ದವು. ನಾನು ಅದನ್ನು ಆಡಿ ತೋರಿಸದ ಹಬ್ಬವಿಲ್ಲ. ಈಗ ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ, ಆಸೆಯಿತ್ತು.

ಎರಡು ತಿಂಗಳಿಗೆ ಸೀರೆ ಮಗ್ಗದಿಂದ ಇಳಿಯಿತು. ಹಾಲುಬಣ್ಣದ ಒಡಲು, ಕೆಂಪು ಅಂಚು. ಬಿಸಿಲಿಗೆ ಹಿಡಿದಾಗ ಅಲ್ಲಲ್ಲಿ ಸಾಸಿವೆಯಷ್ಟು ಎಣ್ಣೆಯ ಕಲೆ. ಹನಿ ಹಾಕಿಕೊಂಡವರು ನೇರ ಮಗ್ಗಕ್ಕೆ ಹೋಗಿದ್ದರು. ನೂಲು ಹರಿದಾಗಲೆಲ್ಲ ಬೆರಳನ್ನು ನಾಲಿಗೆಗೆ ಹಚ್ಚಿ, ತುದಿಗಳನ್ನು ಹೊಸೆದು ಕೂಡಿಸಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. "ಬಾಯಿ ತೊಳಕೊಂಡು ಕುಂಡ್ರಾಕ ಏನಾಗಿತ್ರಿ ಅತ್ಯಾರ?"

"ರೂಢಿ ಅದು, ಯವ್ವಾ. ಕೈ ನನ್ನ ಮಾತು ಕೇಳತೈತೇನು?" ಎಂದವರ ಮುಖ ಸಣ್ಣದಾಯಿತು. "ಇದನ್ನ ಉಡಬ್ಯಾಡ. ಬ್ಯಾರೆ ನೇದು ಕೊಡ್ತೀನಿ."

ಬೇರೆಯದು ಆಗದೆಂದು ಇಬ್ಬರಿಗೂ ಗೊತ್ತಿತ್ತು. ಆ ರಾತ್ರಿ ಊಟವಾದ ಮೇಲೆ ಕಲೆಗಳನ್ನು ಎಣಿಸಿದೆ. ಹದಿನೇಳು. ಆ ಬೆರಳುಗಳಿಂದ ಹದಿನೇಳು ಸಲ ಹರಿದ ನೂಲು ಕೂಡಿಸಿದ್ದರು. ಬೈದದ್ದಕ್ಕೆ ನನಗೇ ನಾಚಿಕೆಯಾಯಿತು.

ಮರುದಿನ ನಾನು ಪಾಠ ಹೇಳುವ ಮುಂಡರಗಿಯ ಶಾಲೆಗೆ ಹೊರಡುವಾಗ ಬೇಕೆಂದೇ ಅವರು ಹನಿ ಹಾಕಿಕೊಳ್ಳುವವರೆಗೆ ಕಾದು, ಅದೇ ಸೀರೆಯುಟ್ಟು ಎದುರು ಬಂದು ನಿಂತೆ. ಬೇಡ ಬೇಡವೆಂದು ಎರಡೂ ಕೈ ಬೀಸಿದರು, ಕಣ್ಣು ತುಂಬಿಕೊಂಡರು. ಬಾಯಲ್ಲಿ ಹನಿ, ಮಾತಾಡುವಂತಿರಲಿಲ್ಲ. ಅವರು ಹನಿ ನುಂಗಿ ಬಾಗಿಲಿಗೆ ಬರುವಷ್ಟರಲ್ಲಿ ನಾನು ಓಣಿ ದಾಟಿದ್ದೆ.