ಕಿಟಕಿ ಮುಚ್ಚಿದ ಮೇಲಿನ ಅಳತೆ

ಪುಷ್ಪಾಳಿಗೆ ಒಂದು ಕಡೆ ಕೂತು ಅಭ್ಯಾಸವಿರಲಿಲ್ಲ. ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಹುಟ್ಟಿದವಳು, ಮಗ್ಗದ ಮುಂದೆ ಕೂರುವುದನ್ನೇ ಕಲಿಯಬೇಕಿತ್ತು. ಆದರೆ ಗುಂಡಿ ಮಗ್ಗದೊಳಗೆ ಕಾಲು ಇಳಿಬಿಟ್ಟು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎದ್ದು ಬೀದಿಗೆ ಬಂದುಬಿಡುತ್ತಿದ್ದಳು. "ಇವಳ ಕಾಲಾಗೆ ಚಕ್ರ ಐತೆ" ಎಂದು ತಾಯಿ ಈಶ್ವರಮ್ಮ ಆಸೆ ಬಿಟ್ಟಳು. ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಚಳ್ಳಕೆರೆಯ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಮೂರು ವರ್ಷ ಬಾಯ್ಲರಿನ ಉಸ್ತುವಾರಿ ನೋಡಿಕೊಂಡಳು. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಅವಳಿಗೆ ತಕ್ಕ ಕೆಲಸವೇ ಸಿಕ್ಕಿತು. ಮನೆಯಿಂದ ಮನೆಗೆ ತಿರುಗುವ ಕೆಲಸ.

ಅದು ಕ್ಷಯರೋಗದ ಕುರಿತ ಒಂದು ಸಂಶೋಧನೆ. ನೇಕಾರರ ಕೋಣೆಗಳಲ್ಲಿ ಗಾಳಿಯಾಡುವುದಿಲ್ಲ, ಒಬ್ಬರಿಗೆ ರೋಗ ಬಂದರೆ ಮನೆಮಂದಿಗೆಲ್ಲ ಹರಡುತ್ತದೆ ಎಂಬ ಅನುಮಾನ ವೈದ್ಯರಿಗೆ. ಕಿಟಕಿ ಅಗಲಿಸಿ ಗಾಳಿಯ ದಾರಿ ಬದಲಿಸಿದರೆ ಏನಾಗುತ್ತದೆ ಎಂಬ ಲೆಕ್ಕಾಚಾರ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಸಾಯಿಕುಮಾರ್ ಅವರದು. ಫಲ ಸಿಕ್ಕರೆ ಅದನ್ನು ಇಡೀ ಜಿಲ್ಲೆಗೆ ವಿಸ್ತರಿಸುವ ಆಸೆ ಸರ್ಕಾರಿ ಇಲಾಖೆಯದು. ಮೂವರಿಗೂ ಬೇರೆಬೇರೆ ಫಾರಂ. ರೋಗಿಯ ಒಡನಾಟದಲ್ಲಿದ್ದವರು ಎಂಬ ಅರ್ಥದಲ್ಲಿ ವೈದ್ಯರು "ಸಂಪರ್ಕ" ಎಂದು ಬರೆದದ್ದನ್ನು ಎಂಜಿನಿಯರುಗಳು ವಿದ್ಯುತ್ ಸಂಪರ್ಕ ಎಂದುಕೊಂಡು ಒಂದು ವಾರ ತಲೆ ಕೆಡಿಸಿಕೊಂಡಿದ್ದರು. ಮೂವರ ಮಾತನ್ನೂ ನೇಕಾರರ ಮನೆಯ ತೆಲುಗಿಗೆ ತಿರುಗಿಸಿ ಹೇಳುವವಳು ಪುಷ್ಪಾ ಒಬ್ಬಳೇ.

ಅವಳ ಬೀದಿಯಲ್ಲೇ ನಲವತ್ತು ಮನೆಗಳ ಕಿಟಕಿ ದೊಡ್ಡದಾದವು. ಆಮೇಲೆ ಅಳತೆ ಶುರುವಾಯಿತು. ಅಂಗೈಯಗಲದ ಒಂದು ಮೀಟರು. ಕೋಣೆಯಲ್ಲಿ ಜನ ಬಿಟ್ಟ ಉಸಿರು ಎಷ್ಟು ನಿಂತಿದೆ ಎಂಬುದನ್ನು ಅದು ಅಂಕಿಯಲ್ಲಿ ತೋರಿಸುತ್ತಿತ್ತು. ಆರುನೂರು ಏಳುನೂರು ಬಂದರೆ ಗಾಳಿ ಚೆನ್ನಾಗಿದೆ, ಎರಡು ಸಾವಿರ ದಾಟಿದರೆ ಒಬ್ಬರ ಉಸಿರನ್ನು ಇನ್ನೊಬ್ಬರು ಕುಡಿಯುತ್ತಿದ್ದಾರೆ ಎಂದರ್ಥ. ಪುಷ್ಪಾ ಪ್ರತಿ ಮನೆಯಲ್ಲೂ ಹತ್ತು ನಿಮಿಷ ಮೀಟರು ಇಟ್ಟು, ಅಂಕಿ ಬರೆದುಕೊಂಡು, ಮುಂದಿನ ಮನೆಗೆ ನಡೆಯುತ್ತಿದ್ದಳು. ನಾಲ್ಕು ತಿಂಗಳು ಅಂಕಿಗಳು ಒಂದಕ್ಕಿಂತ ಒಂದು ಚೆನ್ನಾಗಿ ಬಂದವು. ಸಾಯಿಕುಮಾರ್ ಸರ್ ಫೋನಿನಲ್ಲಿ, "ಭೇಷ್ ಪುಷ್ಪಾ, ನಮ್ಮ ಡಿಸೈನ್ ಗೆದ್ದಿತು" ಎಂದರು.

ಕೆಟ್ಟದ್ದಕ್ಕೋ ಒಳ್ಳೆಯದಕ್ಕೋ, ಒಂದು ಸೋಮವಾರ ಅವಳು ಮೀಟರು ಮರೆತಳು. ಚೌಡೇಶ ಮಾಮನ ಮನೆಯಲ್ಲಿದ್ದಾಗ ಚಳ್ಳಕೆರೆ ಬಸ್ಸಿನ ಹಾರನ್ ಕೇಳಿ ಓಡಿದ್ದಳು. ಮಾರನೇ ದಿನ ಹೋಗಿ ತಂದು, ಚಳ್ಳಕೆರೆಯ ಪ್ರಾಜೆಕ್ಟ್ ಕಚೇರಿಯಲ್ಲಿ ಅದನ್ನು ಕಂಪ್ಯೂಟರಿಗೆ ಜೋಡಿಸಿದಾಗ ಪರದೆಯ ಮೇಲೆ ಅದು ದಿನವಿಡೀ ದಾಖಲಿಸಿದ ಅಂಕಿಗಳ ಒಂದು ಗೆರೆ ಎದ್ದಿತು. ಅವಳು ಅಲ್ಲಿದ್ದಾಗ ಆರುನೂರ ನಲವತ್ತು. ಹೊರಟ ಕಾಲು ಗಂಟೆಗೆ ಸಾವಿರ. ಮಧ್ಯಾಹ್ನಕ್ಕೆ ಎರಡು ಸಾವಿರದ ಮುನ್ನೂರು. ಗೆರೆ ಸಂಜೆಯವರೆಗೂ ಕೆಳಗಿಳಿದಿರಲಿಲ್ಲ.

ಅವಳಿಗೆ ಬೆರಗಿಗಿಂತ ನಾಚಿಕೆಯೇ ಹೆಚ್ಚಾಯಿತು. ತನ್ನ ಸ್ವಂತ ಮನೆಯಲ್ಲಿ ಅವ್ವ ಎಂದೂ ಕಿಟಕಿ ತೆರೆದು ನೇಯ್ದವಳಲ್ಲ. ಒಣಗಾಳಿ ಬಡಿದರೆ ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ರೇಷ್ಮೆ ಎಳೆ ಬಿರುಸಾಗಿ ತುಂಡಾಗುತ್ತದೆ. ಹುಟ್ಟಿದಾಗಿನಿಂದ ಇದು ಗೊತ್ತಿದ್ದವಳು ನಾಲ್ಕು ತಿಂಗಳು ಬೇರೆಯವರ ತೆರೆದ ಕಿಟಕಿಗಳನ್ನು ಹೇಗೆ ನಂಬಿದಳು?

ನೇರ ಚೌಡೇಶ ಮಾಮನಲ್ಲಿಗೆ ಹೋದಳು. ಅವನು ಐವತ್ತೈದು ದಾಟಿದ ನೇಕಾರ, ದೂರದ ಸಂಬಂಧ, ಹಿಂದಿನ ವರ್ಷ ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗಿ ಗುಣವಾದವನು.

"ಮಾಮ, ನಾನು ಹೋದ ಮೇಲೆ ಕಿಟಕಿ ಹಾಕ್ತೀಯಾ?"

ಅವನು ಲಾಳಿ ನಿಲ್ಲಿಸಿದ. "ಹಾಕ್ದೆ ಮತ್ತೇನ್ ಮಾಡ್ಲಮ್ಮಾ? ಪೋಗು ತೆಗುತುಂದಿ, ಎಳೆ ನಿಲ್ಲಲ್ಲ. ಎಳೆ ಹರಿದ್ರೆ ಒಂದೊಂದೇ ಗಂಟು ಹಾಕೋರು ಯಾರು?"

"ಮತ್ತೆ ನಾನು ಬಂದಾಗ ಯಾಕ್ ತೆಗೀತಿದ್ದೆ?"

"ನಮ್ಮ ಹುಡುಗಿ, ಬಿಸಿಲಾಗೆ ಬರ್ತಾಳೆ, ಅವಳ ಕೆಲಸ ಕೆಡಬಾರದು ಅಂತ. ಬೀದಿಯೋರೆಲ್ಲ ಮಾತಾಡ್ಕೊಂಡೀವಿ. ನೀನು ಮೂಲೆ ಮನೆಗೆ ಬಂದ್ರೆ ಸಾಕು, ಸುದ್ದಿ ಬರ್ತೈತೆ."

ಅಷ್ಟು ಪ್ರೀತಿಯಿಂದ ಹೇಳಿದವನ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ? ಒಳಗೆ ಕದಿರಿಗೆ ನೂಲು ಸುತ್ತುತ್ತಿದ್ದ ಅವನ ಸೊಸೆ ಮೌನಿಕಾ ಸೆರಗಿಗೆ ಬಾಯಿ ಒತ್ತಿ ಎರಡು ಸಲ ಕೆಮ್ಮಿದಳು. ಪುಷ್ಪಾ ಕೇಳಿದ್ದಕ್ಕೆ, "ಧೂಳಕ್ಕ, ಹದಿನೈದು ದಿನ ಆತು" ಎಂದಳು. ಪುಷ್ಪಾ ಅಂದೇ ಅವಳನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದು ಕಫ ಕೊಡಿಸಿದಳು.

ಮೂರನೇ ದಿನ ವರದಿ ಬಂತು. ಕ್ಷಯ.

ಪ್ರಾಜೆಕ್ಟಿನ ವೈದ್ಯೆ ಆಶಾ ಮೇಡಂ ಪುಷ್ಪಾಳಿಗೆ ಸಮಾಧಾನ ಹೇಳಿದರು: "ಇದು ಹೋದ ವರ್ಷ ಮಾವನಿಂದ ಬಂದಿರೋದು ಇರಬಹುದು ಪುಷ್ಪಾ. ನಿಮ್ಮ ಅಂಕಿಯಿಂದ ಯಾರಿಗೂ ಕಾಯಿಲೆ ಬರಲಿಲ್ಲ." ಮಾತು ನಿಜವೇ. ಆದರೆ ಕಾಗದದ ಮೇಲೆ ಮೌನಿಕಾಳ ಮನೆ "ಉತ್ತಮ" ಎಂಬ ಸಾಲಿನಲ್ಲಿತ್ತು, ಬರೆದದ್ದು ಪುಷ್ಪಾಳ ಕೈ. ಆ ವಾರ ಅವಳು ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋಗುತ್ತಿದ್ದಳು, ಎರಡು ಸ್ಟಾಪು ಮೊದಲೇ ಇಳಿದು ನಡೆಯುತ್ತಿದ್ದಳು. ಹೇಳಿದರೆ ಪ್ರಾಜೆಕ್ಟು ನಿಲ್ಲುತ್ತದೆ, ಬೀದಿಯವರು ಸುಳ್ಳುಗಾರರಾಗುತ್ತಾರೆ. ಹೇಳದಿದ್ದರೆ ಇದೇ ಕಿಟಕಿ ಜಿಲ್ಲೆಯ ತುಂಬ ಬರುತ್ತದೆ, ಎಲ್ಲ ಕಡೆಯೂ ಮುಚ್ಚಿಕೊಂಡಿರುತ್ತದೆ.

ಶುಕ್ರವಾರ ಚಳ್ಳಕೆರೆಯಲ್ಲಿ ಪರಿಶೀಲನಾ ಸಭೆ. ಬೆಂಗಳೂರಿನಿಂದ ಹಿರಿಯ ಅಧಿಕಾರಿಯೊಬ್ಬರು ಬಂದಿದ್ದರು. ಮೆಟ್ಟಿಲ ಹತ್ತಿರ ಸಾಯಿಕುಮಾರ್ ಅವರನ್ನು ತಡೆದು ಪುಷ್ಪಾ ಗೆರೆ ತೋರಿಸಿದಳು. ಅವರ ಮುಖ ಸಪ್ಪಗಾಯಿತು.

"ಒಂದೇ ಮನೆ ತಾನೇ ಇದು?"

"ಬೀದಿಪೂರ್ತಿ ಹಂಗೇ ಸರ್. ಅವರೇ ಹೇಳಿದ್ರು."

"ಸಭೆ ಮುಗೀಲಿ. ಆಮೇಲೆ ಕೂತು ಮಾತಾಡೋಣ."

ಅವರು ಕೆಟ್ಟವರಲ್ಲ. ಎರಡು ವರ್ಷದ ಕೆಲಸ ಕಣ್ಣೆದುರೇ ಕುಸಿಯುವಾಗ ಯಾರಿಗಾದರೂ ಒಂದು ಗಂಟೆಯ ಕಾಲಾವಕಾಶ ಬೇಕೆನಿಸುತ್ತದೆ. ಒಳಗೆ ಹೋಗಿ ಪರದೆಯ ಮೇಲೆ ನಲವತ್ತರಲ್ಲಿ ಮೂವತ್ತಾರು ಮನೆಗಳ ಗಾಳಿ ಸುಧಾರಿಸಿದೆ ಎಂದು ತೋರಿಸಿದರು, ಆದರೆ ಮನಸ್ಸು ಎಲ್ಲೋ ಇತ್ತು. ಹಿಂದಿನ ಸಾಲಿನ ಕುರ್ಚಿಯಲ್ಲಿ ಪುಷ್ಪಾ ತನ್ನ ದುಪಟ್ಟಾದ ಅಂಚಿನಿಂದ ದಾರ ಕೀಳುತ್ತಿದ್ದಳು.

ಹಿರಿಯ ಅಧಿಕಾರಿ ಕೇಳಿದರು: "ಅಳತೆ ತಗೊಂಡೋರು ಇಲ್ಲಿದ್ದಾರಾ? ಜನ ಏನಂತಾರಮ್ಮ, ಒಗ್ಗಿಕೊಂಡಿದ್ದಾರಾ?"

ಅವಳು ಎದ್ದು ನಿಂತಳು.

"ಒಗ್ಗಿಕೊಂಡಿಲ್ಲ ಸರ್. ನಾನು ಹೋದಾಗ ಕಿಟಕಿ ತೆಗೀತಾರೆ, ನಾನು ಹೊರಟು ಬಂದ ಮೇಲೆ ಹಾಕ್ತಾರೆ. ಗಾಳಿ ಬಂದ್ರೆ ರೇಷ್ಮೆ ಎಳೆ ಹರೀತೈತೆ. ಅವರ ತಪ್ಪಲ್ಲ. ನನಗೆ ಗೊತ್ತಿರಬೇಕಿತ್ತು. ನಾನು ಬರೆದಿರೋ ನಾಲ್ಕು ತಿಂಗಳ ಅಂಕಿ ಯಾವುದೂ ನಂಬಬೇಡಿ."

ಒಬ್ಬರು ಪೆನ್ನಿನ ಕ್ಯಾಪು ಹಾಕಿದರು. ಸಾಯಿಕುಮಾರ್ ತಲೆ ತಗ್ಗಿಸಿ, "ಅವರು ಹೇಳಿದ್ದು ಸರಿ ಸರ್. ನಾನೇ ಮೊದಲು ಹೇಳಬೇಕಿತ್ತು" ಎಂದರು.

ವಿಸ್ತರಣೆ ಅಲ್ಲಿಗೇ ನಿಂತಿತು. ಪುಷ್ಪಾಳ ಗುತ್ತಿಗೆ ಆ ತಿಂಗಳಿಗೆ ಮುಗಿಯುವುದರಲ್ಲಿತ್ತು, ಮುಂದುವರಿಸುವ ಮಾತು ಯಾರೂ ಎತ್ತಲಿಲ್ಲ. ಬೀದಿಯಲ್ಲಿ ಕೆಲವರು ಮುಖ ತಿರುಗಿಸಿದರು. "ನಿನಗೋಸ್ಕರ ಮಾಡಿದ್ದನ್ನ ಸಭೇಲಿ ಹೇಳಿ ಬಂದ್ಯಾ?" ಎಂದು ಈಶ್ವರಮ್ಮನೂ ಎರಡು ದಿನ ಮಾತು ಬಿಟ್ಟಳು. ಪುಷ್ಪಾ ಬೆಳಿಗ್ಗೆ ಎದ್ದು ಮೌನಿಕಾಳಿಗೆ ಮಾತ್ರೆ ನುಂಗಿಸಲು ಹೋಗುವುದನ್ನು ಮಾತ್ರ ತಪ್ಪಿಸಲಿಲ್ಲ. ಉಳಿದ ಹೊತ್ತೆಲ್ಲ ಊರ ಹೊರಗಿನ ರಸ್ತೆಯಲ್ಲಿ ಸುಮ್ಮನೆ ಅಡ್ಡಾಡುವುದು.

ಮೂರು ವಾರದ ಮೇಲೆ ಸಾಯಿಕುಮಾರ್ ಸರ್ ಒಬ್ಬರೇ ಬಸ್ಸಿಳಿದು ಬಂದರು. "ಮಗ್ಗದ ಹತ್ತಿರ ಒಂದಿಡೀ ದಿನ ಕೂರಬೇಕು. ಕೂರಿಸ್ತಾರಾ?" ಚೌಡೇಶ ಕಿಟಕಿ ತೆರೆದು ನೇಯ್ದ. ಹತ್ತು ಗಂಟೆಗೆ ಮೊದಲ ಎಳೆ ಟಪ್ಪೆಂದಿತು. ಮಧ್ಯಾಹ್ನದೊಳಗೆ ಹನ್ನೊಂದು. ಮೇಷ್ಟ್ರು ಕನ್ನಡಕ ತೆಗೆದು ಬಗ್ಗಿ ಬಗ್ಗಿ ನೋಡಿದರು, ಎಳೆಗೆ ಗಂಟು ಹಾಕಲು ಹೋಗಿ ಇನ್ನೆರಡು ಹರಿದರು.

"ಸಾಕು ಬಿಡ್ರಿ ಸಾರ್," ಚೌಡೇಶ ನಕ್ಕ, "ನೀವು ಗಾಳಿ ನೋಡ್ಕಳ್ರಿ, ದಾರ ನಾನು ನೋಡ್ಕಂತೀನಿ."

ಆಮೇಲಿನ ವಾದವೆಲ್ಲ ಪುಷ್ಪಾ ಮತ್ತು ಮೇಷ್ಟ್ರ ನಡುವೆ. ಗಾಳಿ ಬೇಕು, ಆದರೆ ಹಾಸಿನ ಎಳೆಗೆ ತಾಗಬಾರದು. ತೇವವೂ ಆರಬಾರದು. ಎಣ್ಣೆ ಮಿಲ್ಲಿನ ಸೂರಿನಲ್ಲಿ ಬಿಸಿಗಾಳಿ ತಾನಾಗಿ ಮೇಲೆದ್ದು ಹೋಗಲು ಬಿಟ್ಟಿದ್ದ ತಗಡಿನ ಗೂಡು ಅವಳಿಗೆ ಚೆನ್ನಾಗಿ ಗೊತ್ತು. ಚಳ್ಳಕೆರೆಯ ವೆಲ್ಡಿಂಗ್ ಶೆಡ್ಡಿನ ಓಬಳಪ್ಪ ಅಂಥದ್ದೇ ಸಣ್ಣದೊಂದನ್ನು ಮಾಡಿಕೊಟ್ಟ. ಸೂರಿನ ತುದಿಯಲ್ಲಿ ಅದು. ಗಾಳಿ ಒಳಬರುವುದು ಮಗ್ಗದ ಹಿಂದಿನ ಗೋಡೆಯ ಬುಡದಿಂದ, ಒದ್ದೆ ಗೋಣಿಚೀಲ ದಾಟಿ, ಅಡ್ಡ ಇಟ್ಟ ತಗಡಿಗೆ ಬಡಿದು, ನಿಧಾನವಾಗಿ. ಮೊದಲನೆಯದು ಗಾಳಿಗೆ ಹಾರಿ ಪಕ್ಕದ ಮನೆಯ ಹಿತ್ತಲಿಗೆ ಬಿತ್ತು. ಎರಡನೆಯದು ಸದ್ದು ಮಾಡುತ್ತದೆಂದು ಬಿಚ್ಚಿಸಿದರು. ಮೂರನೆಯದು ನಿಂತಿತು.

ಈ ಸಲ ಮೀಟರು ವಾರಪೂರ್ತಿ ಗೋಡೆಯಲ್ಲೇ ಇತ್ತು. ಅಂಕಿ ಸಾವಿರದ ನೂರರ ಆಸುಪಾಸು. ಕಾಗದದ ಮೇಲೆ ಆರುನೂರ ನಲವತ್ತರಷ್ಟು ಚೆಂದವಿಲ್ಲ, ಆದರೆ ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಅಷ್ಟೇ. ಎಳೆ ದಿನಕ್ಕೆ ಒಂದೋ ಎರಡೋ ಹರಿಯುತ್ತಿತ್ತು, ಅದು ಮೊದಲೂ ಹರಿಯುತ್ತಿದ್ದದ್ದೇ.

ಈಗ ಹನ್ನೊಂದು ಮನೆಗಳಲ್ಲಿ ಆ ಗೂಡಿದೆ. ಎರಡು ಮನೆಯವರು ಆಷಾಢದ ಗಾಳಿಗೆ ಧೂಳು ಬರುತ್ತದೆಂದು ಬಟ್ಟೆ ತುರುಕಿದ್ದಾರೆ, ಅದನ್ನೂ ಪುಷ್ಪಾ ಹಾಗೆಯೇ ಬರೆದಿದ್ದಾಳೆ. ಮೌನಿಕಾ ಆರು ತಿಂಗಳ ಮಾತ್ರೆ ಮುಗಿಸಿ ಕೆಮ್ಮಿಲ್ಲದೆ ಕೂತಿದ್ದಾಳೆ. ಗುತ್ತಿಗೆ ಮತ್ತೆ ಸಿಕ್ಕಿದೆ, ಒಂದು ವರ್ಷಕ್ಕೆ. ಸಂಶೋಧನಾ ಲೇಖನದಲ್ಲಿ ಅವಳ ಹೆಸರು ನಾಲ್ಕನೆಯದು. ಮೊದಲ ನಾಲ್ಕು ತಿಂಗಳ ಅಳತೆಗಳನ್ನು ಯಾಕೆ ಕೈಬಿಡಲಾಯಿತು ಎಂಬ ಪ್ಯಾರಾ ಇರಲೇಬೇಕೆಂದು ಹಟ ಹಿಡಿದವಳೂ ಅವಳೇ.

ಹೋದ ವಾರ, ಹೊಸದಾಗಿ ಅಳೆಯಬೇಕಾದ ರಾಂಪುರದ ಕಡೆಯ ಮನೆಗಳ ಪಟ್ಟಿ ಬಂತು. ತಿಂಡಿಗೆ ಕೂತಿದ್ದವಳು ಅರ್ಧಕ್ಕೇ ಕೈ ತೊಳೆದು ಚಪ್ಪಲಿ ಮೆಟ್ಟಿದಳು. "ತಿಂದಾದ್ರೂ ಹೋಗೇ" ಎಂದು ಈಶ್ವರಮ್ಮ ಮಗ್ಗದಿಂದಲೇ ಕೂಗುವಷ್ಟರಲ್ಲಿ ಅವಳು ಬೀದಿಯ ತಿರುವಿನಲ್ಲಿದ್ದಳು.